ಕಿರಿದರಲ್ಲಿ ಹಿರಿದನ್ನು ಕಂಡವರು: ಡಾ. ಲೆಸ್ಲಿ ಕೋಲ್ಮನ್

ಮುಂಗಾರು ಹಿಡಿದ ದಿನಗಳಲ್ಲಿ ಕೊಡಗಿನ ಕಾಫಿತೋಟವೊಂದರೊಳಗೆ ನಡೆದುಹೋಗುವವರ ಕಣ್ಣನ್ನು ಮೊದಲು ಸೆಳೆಯುವುದು ಹಿರಿದಾದ ವಸ್ತುಗಳೇ. ಮುಗಿಲಿಗೆ ತಲೆಯೆತ್ತಿ ನಿಂತ ನೆರಳುಮರಗಳು, ಮಂಜು ಮುಸುಕಿದ ಬೆಟ್ಟಸಾಲು, ಕೆನ್ನೀರು ತುಂಬಿ ಹರಿಯುವ ತೊರೆಗಳು ನೋಡುವವರ ಮನಸ್ಸನ್ನು ತುಂಬಿಬಿಡುತ್ತವೆ. ಆದರೆ ಆ ತೋಟದ ಅಳಿವು ಉಳಿವುಗಳನ್ನು ನಿರ್ಣಯಿಸುವ ಶಕ್ತಿಗಳು ಬಹುಮಟ್ಟಿಗೆ ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಕಿರಿಯವಾಗಿರುತ್ತವೆ. ಕಾಂಡದ ತೊಗಟೆಯ ಬಿರುಕಿನಲ್ಲಿ ಅಡಗಿದ ಒಂದು ಮೊಟ್ಟೆ, ಎಲೆಯ ಕೆಳಗೆ ಹಬ್ಬಿದ ಜೇಡನೂಲಿನಂಥ ಬೂಷ್ಟು, ಮಳೆಹನಿಯೊಂದರಲ್ಲಿ ಈಜುವ ಅಣುಗಾತ್ರದ ಜೀವಿ, ಇವುಗಳೇ ಎಷ್ಟೋ ಸಂಸಾರಗಳ ವರ್ಷದ ಅನ್ನವನ್ನು ಕಸಿದುಕೊಳ್ಳಬಲ್ಲವು.

ಇಂದು ಸಮೀಪ ಛಾಯಾಗ್ರಹಣವೆಂಬ ಕಲೆ ನಮ್ಮ ತರುಣರನ್ನು ಬಹುವಾಗಿ ಆಕರ್ಷಿಸಿದೆ. ವಿಶೇಷ ಮಸೂರವನ್ನು ಜೋಡಿಸಿದ ಕ್ಯಾಮರಾದಿಂದ ದುಂಬಿಯ ಬೆನ್ನಿನ ಪಟ್ಟೆಗಳನ್ನೂ, ಕಂಬಳಿಹುಳುವಿನ ಒಂದೊಂದು ರೋಮವನ್ನೂ, ತೊಗಟೆಯ ಏರಿಳಿತಗಳನ್ನೂ ಅಂಗೈಯಗಲಕ್ಕೆ ಹಿಗ್ಗಿಸಿ ತೋರಿಸುತ್ತಾರೆ. ಅದನ್ನು ಕಂಡು ಬೆರಗಾಗುವ ನಾವು, ಇಂಥ ಸಮೀಪದ ನೋಟವೊಂದು ಈ ನಾಡಿನ ಬದುಕನ್ನು ಹೇಗೆ ಕಾಪಾಡಿತೆಂಬುದನ್ನೂ ಅರಿಯಬೇಕು. ಅದಕ್ಕಾಗಿ ಒಂದು ಶತಮಾನಕ್ಕೂ ಹಿಂದೆ, ದೂರದ ಕೆನಡಾ ದೇಶದಿಂದ ಮೈಸೂರು ಸಂಸ್ಥಾನಕ್ಕೆ ಬಂದು, ತಮ್ಮ ಜೀವಮಾನದ ಅತ್ಯುತ್ತಮ ವರ್ಷಗಳನ್ನು ಇಲ್ಲಿಯ ರೈತರಿಗಾಗಿ ಸವೆಸಿದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರ ಜೀವನವನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಕೋಲ್ಮನ್ನರು ಕೊಡಗಿನ ಅಧಿಕಾರಿಗಳಾಗಿರಲಿಲ್ಲ. 1834ರಲ್ಲಿ ಬ್ರಿಟಿಷರ ವಶವಾದ ಕೊಡಗು ಅಂದು ಪ್ರತ್ಯೇಕ ಪ್ರಾಂತವಾಗಿತ್ತು. ಅದು ವಿಶಾಲ ಮೈಸೂರನ್ನು ಸೇರಿದ್ದು 1956ರಲ್ಲಿ. ಆದರೆ ಕೀಟಕ್ಕೂ ರೋಗಕ್ಕೂ ರಾಜ್ಯದ ಗಡಿಗಳಿಲ್ಲ. ಅವುಗಳನ್ನು ಗೆಲ್ಲುವ ಜ್ಞಾನಕ್ಕೂ ಇರಲಾರದು. ಕೋಲ್ಮನ್ನರು ಮೈಸೂರಿನಲ್ಲಿ ಕುಳಿತು ಬಿಡಿಸಲೆತ್ನಿಸಿದ ಒಗಟುಗಳಲ್ಲಿ ಒಂದು ಕೊಡಗಿನ ಮಣ್ಣಿನಲ್ಲೇ ಮೊದಲು ಕಾಣಿಸಿಕೊಂಡದ್ದು. ಅವರು ಕಂಡುಕೊಟ್ಟ ಪರಿಹಾರಗಳಲ್ಲಿ ಒಂದನ್ನು ಸಂಪಾಜೆ, ಪೆರಾಜೆಗಳ ಅಡಿಕೆ ಬೆಳೆಗಾರರು ಇಂದಿಗೂ ಬಳಸುತ್ತಿದ್ದಾರೆ.

ಅವರು ಬರುವುದಕ್ಕೆ ನಲವತ್ತು ವರ್ಷ ಮುಂಚೆಯೇ ಕೊಡಗು ಕಿರಿಯ ಜೀವಿಯ ಹಿರಿಯ ಪ್ರಹಾರವನ್ನು ಅನುಭವಿಸಿತ್ತು. 1860ರ ದಶಕದಲ್ಲಿ ಕಾಫಿಯ ಬಿಳಿ ಕಾಂಡಕೊರಕವು ಕೊಡಗು, ಮೈಸೂರು, ವಯನಾಡುಗಳ ತೋಟಗಳಿಗೆ ನುಗ್ಗಿ ಅಪಾರ ನಷ್ಟವನ್ನು ಉಂಟುಮಾಡಿತು. ಮದರಾಸು ಸರ್ಕಾರವು ಅದರ ಪರಿಶೀಲನೆಗಾಗಿ 1867ರಲ್ಲಿ ಜಾರ್ಜ್ ಬಿಡಿ ಎಂಬ ವೈದ್ಯರನ್ನು ನಿಯೋಜಿಸಿತು. ಬಿಸಿಲಿಗೆ ಬಯಲಾದ ಗಿಡಗಳನ್ನೇ ಈ ದುಂಬಿ ಹೆಚ್ಚಾಗಿ ಆರಿಸಿಕೊಳ್ಳುತ್ತದೆ, ನೆರಳಿನ ಗಿಡಗಳು ಉಳಿದುಕೊಳ್ಳುತ್ತವೆ ಎಂಬ ಅರಿವು ಅಂದಿನಿಂದ ಬೆಳೆಯಿತು. ಕೊಡಗಿನ ಕಾಫಿ ಇಂದು ಮರಗಳ ನೆರಳಿನಲ್ಲಿ ಬೆಳೆಯುತ್ತಿರುವುದಕ್ಕೆ ಬೆರಳುದ್ದವೂ ಇಲ್ಲದ ಆ ದುಂಬಿಯ ಸ್ವಭಾವವೂ ಒಂದು ಕಾರಣವಾಗಿದೆ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರಶಾಸ್ತ್ರಜ್ಞ ಕುಕ್ ಎಂಬುವರು ಮೈಸೂರು ಸೀಮೆಯ ಕಾಫಿ ಎಲೆಗಳಲ್ಲಿ ಕಂಡ ಬೂಷ್ಟೊಂದಕ್ಕೆ ಶಾಸ್ತ್ರೀಯ ನಾಮಕರಣ ಮಾಡುವಾಗ ನಮ್ಮ ರೈತರ ಬಾಯಿಯ ಕೊಳೆರೋಗವೆಂಬ ಮಾತನ್ನೇ ಲ್ಯಾಟಿನ್ ಹೆಸರಿನೊಳಗೆ ಸೇರಿಸಿಕೊಂಡರು. ಹೀಗೆ ಕನ್ನಡದ ಒಂದು ಪದ ಲೋಕದ ವಿಜ್ಞಾನಗ್ರಂಥಗಳಲ್ಲಿ ನೆಲೆಸಿತಾದರೂ ಕೊಳೆಯ ಕಾಟ ಮಾತ್ರ ತಪ್ಪಲಿಲ್ಲ. ಹೆಸರಿಡುವುದು ಬೇರೆ, ಹತೋಟಿಗೆ ತರುವುದು ಬೇರೆ.

ಕೋಲ್ಮನ್ನರು 1878ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದರು. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರವನ್ನು ವ್ಯಾಸಂಗ ಮಾಡಿ 1904ರಲ್ಲಿ ಪದವೀಧರರಾದರು. ಬಳಿಕ ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯಕ್ಕೆ ತೆರಳಿ ಡಾಕ್ಟರೇಟ್ ಪದವಿಯನ್ನು ಸಂಪಾದಿಸಿದರು. ಸೂಕ್ಷ್ಮದರ್ಶಕವನ್ನು ಕಣ್ಣಿಗೆ ಹಚ್ಚಿ ಗಂಟೆಗಟ್ಟಲೆ ಕುಳಿತು, ಕಂಡದ್ದನ್ನು ಕಂಡಷ್ಟೇ ದಾಖಲಿಸುವ ಶಿಸ್ತು ಆ ಕಾಲದ ಜರ್ಮನ್ ಪ್ರಯೋಗಶಾಲೆಗಳ ವೈಶಿಷ್ಟ್ಯವಾಗಿತ್ತು. 1908ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಮೈಸೂರು ಸಂಸ್ಥಾನದ ಶಿಲೀಂಧ್ರಶಾಸ್ತ್ರಜ್ಞ ಹಾಗೂ ಕೀಟಶಾಸ್ತ್ರಜ್ಞರಾಗಿ ನೇಮಕಗೊಂಡು ಅವರು ಬೆಂಗಳೂರಿಗೆ ಬಂದರು. ಎರಡು ಶಾಸ್ತ್ರಗಳ ಹೊಣೆ ಒಬ್ಬರ ಹೆಗಲ ಮೇಲೆ; ಪರಿಶೀಲಿಸಬೇಕಾದ ಕ್ಷೇತ್ರವೋ, ಮಲೆನಾಡು ಬಯಲುಸೀಮೆಗಳೆರಡನ್ನೂ ಒಳಗೊಂಡ ಒಂದು ಸಂಸ್ಥಾನ.

ಅವರಿಗೆ ಕಾದಿದ್ದ ಮೊದಲ ದೊಡ್ಡ ಪರೀಕ್ಷೆ ಅಡಿಕೆಯ ಕೊಳೆರೋಗ. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಎಳೆಯ ಅಡಿಕೆಗಳು ಬುಡದಿಂದ ಕೊಳೆತು, ಬಿಳಿಯ ಬೂಷ್ಟನ್ನು ಹೊದ್ದು, ರಾಶಿರಾಶಿಯಾಗಿ ಉದುರುತ್ತಿದ್ದವು. ಕೆಲವು ವರ್ಷಗಳಲ್ಲಿ ತೋಟಕ್ಕೆ ತೋಟವೇ ಬರಿಗೊನೆಯಾಗಿ ನಿಲ್ಲುತ್ತಿತ್ತು. ಮಲೆನಾಡಿನ ರೈತರಿಗೆ ತಿಳಿದಿದ್ದ ಉಪಾಯ ಒಂದೇ. ಮಳೆ ಹಿಡಿಯುವ ಮುನ್ನ ಮರವೇರಿ ಪ್ರತಿಯೊಂದು ಗೊನೆಗೂ ಕೊಟ್ಟೆ ಕಟ್ಟಿ ನೀರು ತಾಕದಂತೆ ಮುಚ್ಚುವುದು. ಅದು ವಿವೇಕದ ಕ್ರಮವೇ. ನೀರು ತಾಕದಿದ್ದರೆ ಕೊಳೆಯಿಲ್ಲವೆಂಬುದನ್ನು ಹಿರಿಯರು ಅನುಭವದಿಂದ ಕಂಡುಕೊಂಡಿದ್ದರು. ಆದರೆ ನೂರಾರು ಮರಗಳಿಗೆ ಕೊಟ್ಟೆ ಕಟ್ಟಿಸುವ ಖರ್ಚು ಸಣ್ಣ ಹಿಡುವಳಿದಾರನ ಬೆನ್ನು ಮುರಿಯುವಂಥದು.

ನೀರು ತಾಕಿದರೆ ಏಕೆ ಕೊಳೆಯಬೇಕು? ಈ ಪ್ರಶ್ನೆಯನ್ನು ಹಿಡಿದು ಕೋಲ್ಮನ್ನರು ರೋಗದ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅಂದು ಶಿಲೀಂಧ್ರವೆಂದೇ ಎಣಿಸಲಾಗಿದ್ದ ಫೈಟಾಫ್ತೊರಾ ಎಂಬ ಕುಲದ ಜೀವಿಯು ಈ ಕೊಳೆಗೆ ಕಾರಣವೆಂಬುದನ್ನು ಅವರು ನಿಶ್ಚಯಿಸಿ 1910ರಲ್ಲಿ ಪ್ರಕಟಿಸಿದರು. ಈ ಜೀವಿಯ ಬೀಜಕಣಗಳಿಗೆ ನೀರಿನಲ್ಲಿ ಈಜುವ ಸಾಮರ್ಥ್ಯವುಂಟು. ಒಂದು ಮಳೆಹನಿ ಅವುಗಳಿಗೆ ಸರೋವರದಷ್ಟು ವಿಶಾಲ. ಆ ಹನಿಯಲ್ಲಿ ಈಜಿ ಕಾಯಿಯ ಮೈಯನ್ನು ತಲುಪಿ, ಮೊಳೆತು, ಒಳಹೊಕ್ಕು ಅವು ತಮ್ಮ ನಾಶಕಾರ್ಯವನ್ನು ಆರಂಭಿಸುತ್ತವೆ. ಕೊಟ್ಟೆ ಕಟ್ಟುತ್ತಿದ್ದ ಅಜ್ಜಂದಿರ ಅನುಭವವೂ ಸೂಕ್ಷ್ಮದರ್ಶಕದ ಸಾಕ್ಷ್ಯವೂ ಹೀಗೆ ಒಂದೇ ಸ್ಥಾನದಲ್ಲಿ ಕೂಡಿದವು.

ಕಾರಣ ತಿಳಿದ ಮೇಲೆ ಮದ್ದು ಬೇಕು. ಅದು ಬಡವನಿಗೆ ಎಟುಕುವಂತಿರಬೇಕು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರಿಂದ ಪ್ರಸಿದ್ಧಿಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಕೋಲ್ಮನ್ನರು ಆರಿಸಿಕೊಂಡರು. ಮೈಲುತುತ್ತ, ಸುಣ್ಣ, ನೀರು, ಇಷ್ಟೇ ಅದರ ದ್ರವ್ಯಗಳು. ಆದರೆ ಫ್ರಾನ್ಸಿನ ಮಳೆ ಬೇರೆ, ಸಹ್ಯಾದ್ರಿಯ ಮಳೆ ಬೇರೆ. ಇಲ್ಲಿಯ ಧಾರೆಯ ಮುಂದೆ ಬಳಿದ ಔಷಧಿ ನಿಲ್ಲಬೇಕಾದರೆ ಅಂಟು ಬೇಕಾಗಿತ್ತು. ಅದಕ್ಕಾಗಿ ರಾಳವನ್ನು ಸೋಡಾದೊಂದಿಗೆ ಪಾಕಮಾಡಿ ಬೆರೆಸುವ ಕ್ರಮವನ್ನು ರೂಪಿಸಿದರು. ಮಳೆಗಾಲದ ಮುನ್ನ ಗೊನೆಗಳಿಗೆ ಸಿಂಪಡಿಸಿದ ಆ ನೀಲಿಯ ಲೇಪ ಈಜಿ ಬರುವ ಬೀಜಕಣಗಳಿಗೆ ಅಡ್ಡಗೋಡೆಯಾಯಿತು. ಇಂದು ಜೂನ್ ಹತ್ತಿರವಾದಂತೆ ಮಲೆನಾಡು, ಕರಾವಳಿ, ಕೊಡಗುಗಳ ಅಡಿಕೆ ತೋಟಗಳಲ್ಲಿ ಮದ್ದು ಹೊಡೆಯುವ ಸಂಭ್ರಮ ಆರಂಭವಾಗುತ್ತದೆ. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಪ್ರಮಾಣ ಬೆಳೆಗಾರರ ಮಕ್ಕಳಿಗೂ ಬಾಯಿಪಾಠ. ಆ ಪಾಠವನ್ನು ಮೈಸೂರು ಸೀಮೆಯ ತೋಟಗಳಿಗೆ ತಂದವರ ಹೆಸರು ಮಾತ್ರ ಹಲವರಿಗೆ ಮರೆತುಹೋಗಿದೆ.

ಬಯಲುಸೀಮೆಯ ಜೋಳದ ಹೊಲಗಳಲ್ಲಿ ಕೋಲ್ಮನ್ನರಿಗೆ ಇನ್ನೊಂದು ಶತ್ರು ಎದುರಾಯಿತು. ಜೋಳದ ಮಿಡತೆಯೆಂದು ರೈತರು ಕರೆಯುತ್ತಿದ್ದ ಆ ಕೀಟವನ್ನು ಅವರು ಮೊಟ್ಟೆಯಿಂದ ಮುಪ್ಪಿನವರೆಗೆ ಹಿಂಬಾಲಿಸಿ ಅಭ್ಯಾಸ ಮಾಡಿದರು. ಅದು ನೆಲದೊಳಗೆ ಮೊಟ್ಟೆಯಿಡುತ್ತದೆ. ಮುಂಗಾರಿನೊಡನೆ ಮರಿಗಳು ಹೊರಬರುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ರೆಕ್ಕೆಗಳು ಬೆಳೆಯದೆ ಮೊಟಕಾಗಿಯೇ ಉಳಿಯುವುದರಿಂದ ಬೆಳೆದ ಮಿಡತೆಯೂ ಹಾರಲಾರದು. ದೂರದಿಂದ ನೋಡಿದವರಿಗೆ ಹೊಲವನ್ನು ತಿಂದು ತೇಗುವ ದಂಡಾಗಿ ಕಂಡದ್ದು, ಹತ್ತಿರದಿಂದ ನೋಡಿದವರಿಗೆ ತನ್ನ ದೌರ್ಬಲ್ಯವನ್ನು ತಾನೇ ಹೇಳಿಕೊಡುವ ಒಂದು ಜೀವಿಯಾಗಿ ಕಂಡಿತು. ಹಾರಲಾರದ ಶತ್ರುವನ್ನು ಮರಿಯಾಗಿರುವಾಗಲೇ ಬಲೆಯಿಂದ ಬಾಚಿ ಹಿಡಿಯಬಹುದು. ನೆಲವನ್ನು ಉತ್ತು ಮೊಟ್ಟೆಗಳನ್ನು ಬಿಸಿಲಿಗೆ ಬಯಲುಮಾಡಬಹುದು. ಸ್ಪೇನ್ ದೇಶದ ಕೀಟಶಾಸ್ತ್ರಜ್ಞ ಬೊಲಿವಾರ್ ಅವರು 1910ರಲ್ಲಿ ಈ ಮಿಡತೆಯ ಕುಲಕ್ಕೆ ಕೋಲ್ಮನ್ನರ ಗೌರವಾರ್ಥ ಕೋಲ್ಮೇನಿಯಾ ಎಂದು ಹೆಸರಿಟ್ಟರು. ನಮ್ಮ ಜೋಳದ ಹೊಲದ ಮಿಡತೆಯೊಂದು ಇಂದಿಗೂ ಆ ಹೆಸರನ್ನು ಹೊತ್ತಿದೆ.

ಇನ್ನು ಕೊಡಗಿನಲ್ಲಿ ಮೊದಲು ಕಂಡ ಒಗಟಿಗೆ ಬರೋಣ. 1899ರಲ್ಲಿ ಫ್ರೇಸರ್‌ಪೇಟೆಯ, ಅಂದರೆ ಇಂದಿನ ಕುಶಾಲನಗರದ, ಸುತ್ತಿನ ಶ್ರೀಗಂಧದ ಮರಗಳಲ್ಲಿ ಹಿಂದೆಂದೂ ಗುರುತಿಸದ ಒಂದು ವಿಕಾರ ಅರಣ್ಯಾಧಿಕಾರಿಗಳ ಗಮನಕ್ಕೆ ಬಂದಿತು. ಎಲೆಗಳು ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಗೆಣ್ಣುಗಳು ಒತ್ತೊತ್ತಾಗಿ, ಕೊಂಬೆಗಳು ಮುಳ್ಳುಕಡ್ಡಿಗಳಂತೆ ಸೆಟೆದು ನಿಲ್ಲುತ್ತಿದ್ದವು. ಹೂವಿಲ್ಲ, ಕಾಯಿಲ್ಲ, ಎರಡು ಮೂರು ವರ್ಷಗಳೊಳಗೆ ಮರ ಒಣಗಿ ಹೋಗುತ್ತಿತ್ತು. ಸ್ಪೈಕ್ ರೋಗವೆಂದು ಹೆಸರಾದ ಈ ಪಿಡುಗು ಕೊಡಗು ಮೈಸೂರುಗಳ ಕಾಡುಗಳಲ್ಲಿ ಹಬ್ಬಿ ಲಕ್ಷಗಟ್ಟಲೆ ಮರಗಳನ್ನು ಬಲಿತೆಗೆದುಕೊಂಡಿತು. ಶ್ರೀಗಂಧವೆಂದರೆ ಸಂಸ್ಥಾನದ ಬೊಕ್ಕಸಕ್ಕೆ ಆಧಾರ, ಗುಡಿಗಾರರ ಉಳಿಗೆ ಜೀವ. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ ಆರಂಭವಾಗಿದ್ದ ಕಾಲದಲ್ಲಿ ಆ ಮರವೇ ಕಣ್ಣೆದುರಿಗೆ ಅಳಿಯುತ್ತಿತ್ತು.

ಕಾರಣವೇನೆಂಬ ಬಗ್ಗೆ ಅಭಿಪ್ರಾಯಗಳು ಹಲವಾಗಿದ್ದವು. ಮಣ್ಣಿನ ದೋಷವೆಂದವರುಂಟು, ಕಾಡುಕಿಚ್ಚಿನ ಫಲವೆಂದವರುಂಟು. ಗಂಧದ ಮರವು ತನ್ನ ಬೇರಿನಿಂದ ನೆರೆಯ ಗಿಡಗಳ ರಸವನ್ನು ಹೀರಿ ಬದುಕುವ ಸ್ವಭಾವದ್ದಾದ್ದರಿಂದ, ಆಶ್ರಯ ಕೊಟ್ಟ ಗಿಡಗಳ ಕೊರತೆಯೇ ಮೂಲವೆಂದು ವಾದಿಸಿದವರೂ ಉಂಟು. ಸೂಕ್ಷ್ಮದರ್ಶಕದಲ್ಲಿ ಯಾವ ಬೂಷ್ಟಾಗಲಿ ಹುಳುವಾಗಲಿ ಅಪರಾಧಿಯಾಗಿ ಕಾಣಿಸಲಿಲ್ಲ. ಕಣ್ಣು ಸೋತಲ್ಲಿ ಕೋಲ್ಮನ್ನರು ಯುಕ್ತಿಯನ್ನು ಆಶ್ರಯಿಸಿದರು. ರೋಗದ ಮರದ ಕಡ್ಡಿಯನ್ನು ಆರೋಗ್ಯವಾದ ಗಿಡಕ್ಕೆ ಕಸಿಕಟ್ಟಿ ಕಾದರು. ಆರೋಗ್ಯವಾಗಿದ್ದ ಗಿಡವೂ ಅದೇ ವಿಕಾರಕ್ಕೆ ತುತ್ತಾಯಿತು. ಇದು ಮಣ್ಣಿನ ದೋಷವಲ್ಲ, ಒಂದರಿಂದ ಇನ್ನೊಂದಕ್ಕೆ ಹರಡುವ ಸೋಂಕು ಎಂಬುದನ್ನು 1917ರಲ್ಲಿ ಅವರು ಪ್ರಕಟಿಸಿದರು. ಸೋಂಕಿನ ಕರ್ತೃವನ್ನು ಮಾತ್ರ ಅವರು ಕಾಣಲಿಲ್ಲ. ಅಂದಿನ ಯಾವ ಮಸೂರಕ್ಕೂ ಅದು ಕಾಣುವಂತಿರಲಿಲ್ಲ. ಕಾಣದ್ದನ್ನು ಕಂಡೆನೆಂದು ಹೇಳದೆ, ತಿಳಿದಷ್ಟನ್ನೇ ಹೇಳಿ, ಉಳಿದುದನ್ನು ಮುಂದಿನವರಿಗೆ ಬಿಟ್ಟರು. ವಿಜ್ಞಾನಿಯ ಪ್ರಾಮಾಣಿಕತೆ ಪರೀಕ್ಷೆಗೊಳಗಾಗುವುದು ಇಂಥ ಸಂದರ್ಭದಲ್ಲಿಯೇ.

ಈ ಸಂಶೋಧನೆಗಳ ನಡುವೆಯೇ ಕೋಲ್ಮನ್ನರ ಹೊಣೆ ಬೆಳೆಯಿತು. ಹೆಬ್ಬಾಳದ ಕೃಷಿಕ್ಷೇತ್ರಕ್ಕೆ ಅಡಿಪಾಯ ಹಾಕಿದ್ದು ಒಂದು ದಾನ. 1899ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದಾಗ, ರಾಜಮಾತೆ ಕೆಂಪನಂಜಮ್ಮಣ್ಣಿಯವರು ಕೃಷಿಪ್ರಯೋಗಕ್ಕಾಗಿ ಅಲ್ಲಿ 30 ಎಕರೆ ಭೂಮಿಯನ್ನು ಕೊಡಮಾಡಿದರು. ಕೃಷಿರಸಾಯನಶಾಸ್ತ್ರಜ್ಞ ಲೇಮನ್ ಅವರು ಅಲ್ಲಿ ಕೆಲಸವನ್ನು ಆರಂಭಿಸಿದ್ದರು. 1913ರಲ್ಲಿ ಕೃಷಿ ಇಲಾಖೆ ರೂಪುಗೊಂಡು, ಹೆಬ್ಬಾಳದಲ್ಲಿ ಕೃಷಿಶಾಲೆಯೂ ತೆರೆಯಿತು. ಇಲಾಖೆಯ ನಿರ್ದೇಶಕರಾಗಿ ಕೋಲ್ಮನ್ನರು ಆ ಶಾಲೆಯನ್ನು ಬೆಳೆಸಿದರು. ಅದೇ ನೆಲದಲ್ಲಿ 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ತಲೆಯೆತ್ತಿದವು. ಮೂವತ್ತು ಎಕರೆಯ ಆ ದಾನ ಎಷ್ಟು ಸಾವಿರ ವಿದ್ಯಾರ್ಥಿಗಳ ಬಾಳಾಗಿ ಫಲಿಸಿತೆಂಬುದನ್ನು ಲೆಕ್ಕವಿಟ್ಟವರಾರು! ವಿದ್ಯೆಗೆ ಕೊಟ್ಟ ಭೂಮಿ ಪ್ರತಿವರ್ಷವೂ ಬೆಳೆ ಕೊಡುವ ಭೂಮಿ.

ಕಾಫಿ ಬೆಳೆಗಾರರು ಕೋಲ್ಮನ್ನರನ್ನು ನೆನೆಯಬೇಕಾದುದು 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪನೆಯಾದ ಕಾಫಿ ಪ್ರಯೋಗಕೇಂದ್ರಕ್ಕಾಗಿ. ಅದಕ್ಕೆ ಕೋಲ್ಮನ್ನರ ತೋಟವೆಂಬ ರೂಢಿಯ ಹೆಸರೂ ಒಂದು ಕಾಲದಲ್ಲಿತ್ತು. ಮುಂದೆ ಕಾಫಿ ಮಂಡಳಿಯ ಆಡಳಿತಕ್ಕೆ ಒಳಪಟ್ಟು ಅದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಯಿತು. ಕೊಡಗಿನ ಅರೇಬಿಕಾ ತೋಟಗಳಲ್ಲಿ ಮನೆಮಾತಾದ ಎಸ್. 795 ತಳಿ ಹೊರಬಂದದ್ದು ಆ ಕೇಂದ್ರದಿಂದಲೇ. ಕೊಡಗಿಗೆ ತನ್ನದೇ ಆದ ಕಾಫಿ ಸಂಶೋಧನಾ ಉಪಕೇಂದ್ರ 1946ರಲ್ಲಿ ಚೆಟ್ಟಳ್ಳಿಯಲ್ಲಿ ದೊರೆಯಿತು. ಇತ್ತ ಬಯಲಿನಲ್ಲಿ ಕೃಷ್ಣರಾಜಸಾಗರದ ನೀರು ಹರಿದ ಮಂಡ್ಯ ಸೀಮೆಗೆ ಕಬ್ಬಿನ ಬೇಸಾಯ ನೆಲೆಗೊಳ್ಳುವಲ್ಲಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗುವಲ್ಲಿ ಕೋಲ್ಮನ್ನರ ಶ್ರಮ ಹಿರಿದು. ಮಂಡ್ಯದ ಜನ ಅವರ ಹೆಸರನ್ನು ಕೃತಜ್ಞತೆಯಿಂದ ನೆನೆಯುತ್ತಾರೆ.

ಕೋಲ್ಮನ್ನರ ದೊಡ್ಡತನಕ್ಕೆ ಇನ್ನೊಂದು ಸಾಕ್ಷಿ ಅವರ ಜೊತೆಯಲ್ಲಿ ದುಡಿದು ಬೆಳೆದ ಭಾರತೀಯ ವಿಜ್ಞಾನಿಗಳು. ಅವರ ಸಹಾಯಕರಾಗಿ ಮಿಡತೆಗಳ ಅಧ್ಯಯನದಲ್ಲಿ ಪಾಲ್ಗೊಂಡ ಕುಂಞಿ ಕಣ್ಣನ್ ಅವರು ಮುಂದೆ ತಾವೇ ಸಂಸ್ಥಾನದ ಕೀಟಶಾಸ್ತ್ರಜ್ಞರಾದರು. 1931ರಲ್ಲಿ ಅಕಾಲದಲ್ಲಿ ತೀರಿಕೊಳ್ಳುವವರೆಗೆ ಆ ಶಾಸ್ತ್ರದಲ್ಲಿ ಶ್ರಮಿಸಿದರು. ಶಿಲೀಂಧ್ರಶಾಸ್ತ್ರದಲ್ಲಿ ಎಂ.ಜೆ. ನರಸಿಂಹನ್ ಅವರು ಹೆಸರಾದರು. ಪರದೇಶದಿಂದ ಬಂದ ತಜ್ಞನೊಬ್ಬ ಹೊರಟುಹೋದೊಡನೆ ಅವನ ವಿದ್ಯೆಯೂ ಹೊರಟುಹೋಗುವುದು ಲೋಕದಲ್ಲಿ ಅಪರೂಪವಲ್ಲ. ಮೈಸೂರಿನಲ್ಲಿ ಹಾಗಾಗಲಿಲ್ಲ. ಕಲಿತವರು ಇಲ್ಲಿಯೇ ಇದ್ದರು, ಕಲಿಸುವ ಶಾಲೆಯೂ ಇಲ್ಲಿಯೇ ಇತ್ತು.

1934ರಲ್ಲಿ ಕೋಲ್ಮನ್ನರು ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅಧಿಕಾರದ ಹೊರೆ ಇಳಿದ ಮೇಲೂ ಅವರು ಸೂಕ್ಷ್ಮದರ್ಶಕವನ್ನು ಬಿಡಲಿಲ್ಲ. ಜೀವಕೋಶಗಳ ಒಳರಚನೆಯ ಅಧ್ಯಯನದಲ್ಲಿ ತೊಡಗಿದರು. 1954ರಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ಅವರು ಅಪೂರ್ಣವಾಗಿ ಬಿಟ್ಟ ಪ್ರಶ್ನೆ ಅವರೊಡನೆ ಮುಗಿಯಲಿಲ್ಲ. ಗಂಧದ ಸೋಂಕನ್ನು ಮರದಿಂದ ಮರಕ್ಕೆ ಒಯ್ಯುವವರಾರು? ಎಲೆಯ ರಸ ಹೀರುವ, ಅಕ್ಕಿಕಾಳಿನಷ್ಟು ಗಾತ್ರದ ಒಂದು ಜಿಗಿಹುಳು ಎಂಬುದು 1941ರಲ್ಲಿ ಪ್ರಯೋಗದಿಂದ ತಿಳಿದುಬಂದಿತು. ಆ ಹುಳು ಒಯ್ಯುವುದಾದರೂ ಏನನ್ನು? ಕೋಲ್ಮನ್ನರು ತೀರಿಕೊಂಡ ಹದಿನೈದು ವರ್ಷಗಳ ಬಳಿಕ, 1969ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಉತ್ತರ ಕೊಟ್ಟಿತು. ರೋಗದ ಗಂಧದ ಮರದ ಆಹಾರನಾಳಗಳಲ್ಲಿ, ಕೋಶಭಿತ್ತಿಯೇ ಇಲ್ಲದ, ಸಾಮಾನ್ಯ ಬ್ಯಾಕ್ಟೀರಿಯಾಗಳಿಗಿಂತಲೂ ಕಿರಿದಾದ ಜೀವಿಗಳು ಛಾಯಾಚಿತ್ರಗಳಲ್ಲಿ ಗೋಚರಿಸಿದವು. ಇಂದು ಅವುಗಳನ್ನು ಫೈಟೋಪ್ಲಾಸ್ಮಾ ಎಂದು ಕರೆಯುತ್ತಾರೆ. ಕುಶಾಲನಗರದ ಬಳಿ 1899ರಲ್ಲಿ ಹುಟ್ಟಿದ ಪ್ರಶ್ನೆಗೆ ಒಂದು ಚಿತ್ರದ ರೂಪದಲ್ಲಿ ಉತ್ತರ ದೊರೆಯಲು ಎಪ್ಪತ್ತು ವರ್ಷಗಳು ಬೇಕಾದವು. ಆ ದಾರಿಯಲ್ಲಿ ಮುಖ್ಯವಾದ ಒಂದು ಮೆಟ್ಟಿಲನ್ನು ಕಟ್ಟಿದವರು ಕಸಿಕಡ್ಡಿ ಹಿಡಿದು ತಾಳ್ಮೆಯಿಂದ ಕಾದಿದ್ದ ಕೋಲ್ಮನ್ನರು.

ಆದರೂ ಸಮಾಧಾನಪಟ್ಟು ಕುಳಿತುಕೊಳ್ಳುವ ಹಾಗಿಲ್ಲ. ಸ್ಪೈಕ್ ರೋಗದ ಮರವನ್ನು ಕಾಡಿನಲ್ಲಿ ಗುಣಪಡಿಸುವ ಸುಲಭ ಚಿಕಿತ್ಸೆ ಇನ್ನೂ ಕೈಗೆ ಬಂದಿಲ್ಲ. 1867ರಲ್ಲಿ ಬಿಡಿಯವರನ್ನು ಕಾಡಿದ ಬಿಳಿ ಕಾಂಡಕೊರಕ ಕೊಡಗಿನ ಅರೇಬಿಕಾ ಬೆಳೆಗಾರರನ್ನು ಇಂದಿಗೂ ಕಾಡುತ್ತಿದೆ. ದುಂಬಿ ಹಾರುವ ಕಾಲಕ್ಕೆ ಮುಂಚೆ ಸಾಲುಸಾಲಾಗಿ ಗಿಡಗಳನ್ನು ಪರೀಕ್ಷಿಸಿ, ಉಬ್ಬಿದ ಏಣುಗಳುಳ್ಳ ಕಾಂಡವನ್ನು ಗುರುತಿಸಿ ಕಿತ್ತು ನಾಶಮಾಡುವುದೇ ಅದರ ವಿರುದ್ಧ ಉಳಿದಿರುವ ಮುಖ್ಯ ಉಪಾಯಗಳಲ್ಲೊಂದು. ಅಂದರೆ ನೂರೈವತ್ತು ವರ್ಷಗಳ ವಿಜ್ಞಾನದ ಬಳಿಕವೂ ತೋಟವನ್ನು ಕಾಯುವುದು ಹತ್ತಿರ ಹೋಗಿ ನೋಡುವ ಒಂದು ಜೊತೆ ಕಣ್ಣುಗಳೇ.

ಕೋಲ್ಮನ್ನರ ಕಾಲದ ಸಂಶೋಧಕರು ಮಸೂರದಡಿ ಕಂಡದ್ದನ್ನು ಬಹುಮಟ್ಟಿಗೆ ಕೈಯಿಂದಲೇ ಚಿತ್ರಿಸಬೇಕಾಗಿತ್ತು. ಚಿತ್ರ ಬರೆಯುವವನು ಪ್ರತಿಯೊಂದು ಗೆರೆಯನ್ನೂ ನೋಡಲೇಬೇಕು; ನೋಡದೆ ಬರೆಯಲಾಗದು. ಇಂದಿನ ವಿದ್ಯಾರ್ಥಿಯ ಜೇಬಿನಲ್ಲಿರುವ ದೂರವಾಣಿಗೇ ಪುಟ್ಟ ಮಸೂರವೊಂದನ್ನು ಅಂಟಿಸಿದರೆ ಕ್ಷಣಾರ್ಧದಲ್ಲಿ ಚಿತ್ರ ಸಿದ್ಧ. ಈ ಸೌಲಭ್ಯ ಸ್ವಾಗತಾರ್ಹವೇ. ಆದರೆ ಯಂತ್ರ ಕಂಡದ್ದನ್ನೆಲ್ಲ ನಾವೂ ಕಂಡೆವೆಂದು ಭ್ರಮಿಸಬಾರದು. ದುಂಬಿಯ ಬೆನ್ನಿನ ಪಟ್ಟೆಯ ಅಂದವನ್ನು ಸೆರೆಹಿಡಿದ ಬಾಲಕ, ಆ ದುಂಬಿ ಯಾವ ಗಿಡದ ಮೇಲಿತ್ತು, ಎಂಥ ಬಿಸಿಲಿನಲ್ಲಿತ್ತು, ಏನು ಮಾಡುತ್ತಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಅವನ ಚಿತ್ರ ಅಲಂಕಾರವಾಗಿ ಉಳಿಯದೆ ಸಾಕ್ಷ್ಯವಾಗುತ್ತದೆ. ನಾಳೆ ಅದು ಯಾವುದೋ ತೋಟವನ್ನು ಉಳಿಸೀತು.

ಶಾಲೆಗಳನ್ನು ನಡೆಸುವ ನಮಗೂ, ಅವುಗಳಿಗೆ ತಮ್ಮ ಗಳಿಕೆಯ ಭಾಗವನ್ನು ಸಮರ್ಪಿಸುವ ದಾನಿಗಳಿಗೂ ಈ ಜೀವನದಲ್ಲಿ ಒಂದು ಪಾಠವಿದೆ. ದೊಡ್ಡ ಕಟ್ಟಡಗಳು ಬೇಕು, ನಿಜ. ಅವುಗಳೊಳಗೆ ಪ್ರತಿ ಮಗುವಿನ ಕೈಗೂ ಒಂದು ಭೂತಗನ್ನಡಿ, ಒಂದು ಬರಹದ ಪುಸ್ತಕ, ಮತ್ತು ಅವಸರಪಡಿಸದ ಒಬ್ಬ ಉಪಾಧ್ಯಾಯ ದೊರೆಯುವುದು ಅಷ್ಟೇ ಅಗತ್ಯ. ರೈತನ ಗೊನೆಯಿಂದ ಉದುರಿದ ಒಂದು ಕೊಳೆತ ಅಡಿಕೆಯನ್ನು ಕಸವೆಂದು ಎಸೆಯದೆ, ಎತ್ತಿಕೊಂಡು ನೋಡಿದ ಆ ಮಹನೀಯರ ಸ್ಮರಣೆಗೆ ಇದಕ್ಕಿಂತ ಉಚಿತವಾದ ಕಾಣಿಕೆ ಇನ್ನೊಂದಿಲ್ಲ.